ಟ್ಯಾಂಕ್ ತುಂಬಿದೆ, ಎಂಜಿನ್ ಒಣಗಿದೆ

ದೋಣಿಯ ಹಿಂಬದಿಗೆ ಕಟ್ಟುವ ಟೂ ಸ್ಟ್ರೋಕ್ ಔಟ್‌ಬೋರ್ಡ್ ಎಂಜಿನ್‌ನಲ್ಲಿ ಆಯಿಲ್ ಪ್ರೆಶರ್ ಅನ್ನುವುದೇ ಇರುವುದಿಲ್ಲ. ಕಾರಿನಲ್ಲಿರುವಂತೆ ತಳದಲ್ಲಿ ಆಯಿಲ್ ತುಂಬಿದ ಸಂಪ್ ಇಲ್ಲ, ಅದನ್ನು ಒತ್ತಿ ಸುತ್ತಿಸುವ ಪಂಪೂ ಇಲ್ಲ. ಇಂಧನದ ಜೊತೆ ಸಣ್ಣ ಹನಿಗಳಾಗಿ ಪಿಸ್ಟನ್ ಕೆಳಗಿನ ಕೋಣೆಯಾದ ಕ್ರ್ಯಾಂಕ್‌ಕೇಸ್‌ಗೆ ನುಗ್ಗುವ ಆಯಿಲ್, ಬೇರಿಂಗ್‌ಗಳ ಮೇಲೆ, ಸಿಲಿಂಡರ್ ಗೋಡೆಯ ಮೇಲೆ ಪಸೆಯಾಗಿ ಕೂತು, ಕೊನೆಗೆ ಉರಿದು ಹೊಗೆಯಾಗಿ ಹೊರಹೋಗುತ್ತದೆ. ಬೇರಿಂಗ್‌ಗಳು ಉರುಳುವ ಗುಂಡು, ಸೂಜಿಗಳದ್ದಾದ್ದರಿಂದ ಅಷ್ಟು ಪಸೆ ಸಾಕು. ಆದರೆ ಒಮ್ಮೆ ಬಂದ ಆಯಿಲ್ ತಿರುಗಿ ಬರುವುದಿಲ್ಲ. ಹೊಸದು ಬರುತ್ತಲೇ ಇರಬೇಕು. ಅದು ನಿಂತು, ವೇಗ ಹಾಗೇ ಇದ್ದರೆ, ಸ್ವಲ್ಪ ಹೊತ್ತಿನಲ್ಲೇ ಪಿಸ್ಟನ್ ಸಿಲಿಂಡರ್‌ಗೆ ಕಚ್ಚಿಕೊಂಡು ಎಂಜಿನ್ ಸೀಜ್ ಆಗುತ್ತದೆ.

ನಮ್ಮ ಕರಾವಳಿಯ ನಾಡದೋಣಿಯವರಿಗೆ ಇದು ಬರೀ ರಿಪೇರಿ ಖರ್ಚಿನ ಮಾತಲ್ಲ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಬೋಟ್‌ಗಳಿಗೆ ಮೀನುಗಾರಿಕೆ ನಿಷೇಧ. ಕರ್ನಾಟಕದಲ್ಲಿ ಆಗ ಕಡಲಿಗಿಳಿಯುವುದು 10 ಅಶ್ವಶಕ್ತಿವರೆಗಿನ ಮೋಟಾರು ಕಟ್ಟಿದ ನಾಡದೋಣಿಗಳು. ಕಡಲು ಅತ್ಯಂತ ಒರಟಾಗಿರುವ ಕಾಲ ಅದು. ಅಳಿವೆಯ ಬಾಯಲ್ಲಿ ಎಂಜಿನ್ ನಿಂತರೆ ದೋಣಿ ಅಲೆಗೆ ಅಡ್ಡವಾಗುತ್ತದೆ, ಅಡ್ಡವಾದ ದೋಣಿ ಮಗುಚುತ್ತದೆ. ಆಯಿಲ್ ವಿಷಯವನ್ನು ಇಷ್ಟು ಹಚ್ಚಿಕೊಂಡು ಬರೆಯುವುದಕ್ಕೆ ಕಾರಣ ಇದೇ.

ಸಣ್ಣ ಎಂಜಿನ್‌ಗಳಲ್ಲಿ ಆಯಿಲ್ ಬೆರೆಸುವುದು ಕೈಯಿಂದಲೇ. 50:1 ಎಂದು ಹೇಳಿರುವ ಎಂಜಿನ್‌ಗೆ ಒಂದು ಲೀಟರ್ ಇಂಧನಕ್ಕೆ 20 ಎಂಎಲ್, 10 ಲೀಟರ್‌ಗೆ 200 ಎಂಎಲ್. ಕಣ್ಣಂದಾಜು ಬೇಡ, ಅಳತೆಯ ಡಬ್ಬಿ ಇರಲಿ. ಸೀಮೆಎಣ್ಣೆ ಎಂಜಿನ್‌ನಲ್ಲಿ ಇನ್ನೊಂದು ಸುಳಿವು ಗಮನಿಸಬೇಕು. ತಣ್ಣಗಿದ್ದಾಗ ಸೀಮೆಎಣ್ಣೆ ಸರಿಯಾಗಿ ಆವಿಯಾಗುವುದಿಲ್ಲವಾದ್ದರಿಂದ ಪೆಟ್ರೋಲ್‌ನಲ್ಲಿ ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ಬದಲಿಸುತ್ತಾರೆ. ಸೀಮೆಎಣ್ಣೆಗೆ ಆಯಿಲ್ ಬೆರೆಸಿ, ಆ ಪುಟ್ಟ ಪೆಟ್ರೋಲ್ ಟ್ಯಾಂಕ್‌ಗೆ ಬೆರೆಸದೇ ಬಿಟ್ಟರೆ, ಪ್ರತಿ ಸ್ಟಾರ್ಟ್‌ನಲ್ಲೂ ಎಂಜಿನ್ ಒಣಗಿಯೇ ಓಡುತ್ತದೆ. ಎರಡಕ್ಕೂ ಬೆರೆಸಬೇಕು. ಬೈಕ್‌ನ ಆಯಿಲ್ ಬೇಡ. ಡಬ್ಬಿಯ ಮೇಲೆ ಟಿಸಿ-ಡಬ್ಲ್ಯೂ3 ಎಂದಿರಲಿ. ಅದು ನೀರಿನಿಂದ ತಂಪಾಗುವ ಎಂಜಿನ್‌ಗೆಂದೇ ಮಾಡಿದ, ಉರಿದಾಗ ಬೂದಿ ಉಳಿಸದ ಆಯಿಲ್.

ದೊಡ್ಡ ಟೂ ಸ್ಟ್ರೋಕ್ ಎಂಜಿನ್‌ಗಳಲ್ಲಿ ಬೆರೆಸುವ ಕೆಲಸ ಯಂತ್ರದ್ದೇ. ಆಯಿಲ್‌ಗೆ ಬೇರೆ ಟ್ಯಾಂಕ್, ಬೇರೆ ಪಂಪ್. ಜಾನ್ಸನ್, ಎವಿನ್‌ರೂಡ್ ಎಂಜಿನ್‌ಗಳಿಗೆ 1984ರಲ್ಲಿ ಬಂದ ವಿಆರ್‌ಒ (ವೇರಿಯಬಲ್ ರೇಷಿಯೋ ಆಯಿಲಿಂಗ್, ಅಂದರೆ ಆಯಿಲ್ ಪ್ರಮಾಣ ತಾನೇ ಬದಲಿಸುವ) ಪಂಪ್ ಕ್ರ್ಯಾಂಕ್‌ಕೇಸ್‌ನ ಒತ್ತಡದ ಏರಿಳಿತದಿಂದಲೇ ನಡೆಯುತ್ತಿತ್ತು. ಬೇರೆ ಹಲವು ಎಂಜಿನ್‌ಗಳಲ್ಲಿ ಕ್ರ್ಯಾಂಕ್‌ಶಾಫ್ಟ್‌ಗೆ ಜೋಡಿಸಿದ ಗೇರ್ ಪಂಪನ್ನು ತಿರುಗಿಸುತ್ತದೆ. ಅನುಕೂಲವೇನೋ ನಿಜ. ಆದರೂ ಪಂಪ್ ಕಳಚಿಸಿ ಮತ್ತೆ ಕೈಮಿಶ್ರಣಕ್ಕೆ ಮರಳಿದವರು ಎಷ್ಟೋ ಮಂದಿ. ಅವರ ಭಯಕ್ಕೆ ಅರ್ಥವಿದೆ: ಟ್ಯಾಂಕ್‌ನಲ್ಲಿ ತೇಲುವ ಫ್ಲೋಟ್ ಹೇಳುವುದು ಟ್ಯಾಂಕ್‌ನಲ್ಲಿ ಆಯಿಲ್ ಎಷ್ಟಿದೆ ಎಂದು ಮಾತ್ರ, ಅದು ಎಂಜಿನ್ ಸೇರುತ್ತಿದೆಯೇ ಎಂದಲ್ಲ. ಟ್ಯಾಂಕ್ ಭರ್ತಿ ಇದ್ದು ಪಂಪ್ ಸತ್ತಿದ್ದರೆ ಫ್ಲೋಟ್‌ಗೆ ಜೋಡಿಸಿದ ಅಲಾರಂ ಕೂಗುವುದಿಲ್ಲ. ತಿಂಗಳುಗಟ್ಟಲೆ ಟಾಪ್-ಅಪ್ ಮಾಡುವ ಪ್ರಮೇಯವೇ ಬಂದಿಲ್ಲ ಎಂದು ಯಾರಾದರೂ ಖುಷಿಪಟ್ಟರೆ ಆ ಎಂಜಿನ್ ಬಗ್ಗೆ ನನಗೆ ಗಾಬರಿಯಾಗುತ್ತದೆ.

ಅನುಮಾನ ಬಂದಾಗ ಮಾಡಬಹುದಾದ ಒಂದು ಪರೀಕ್ಷೆ ಇದೆ, ಅದಕ್ಕೆ ಬೇಕಾದ ಸಾಮಾನು ಬಹಳ ಕಡಿಮೆ. ಬೇರೊಂದು ಸಣ್ಣ ಟ್ಯಾಂಕ್‌ನಲ್ಲಿ 50:1 ಮಿಶ್ರಣ ಮಾಡಿ ಎಂಜಿನ್‌ಗೆ ಜೋಡಿಸಿ. ಆಯಿಲ್ ಟ್ಯಾಂಕ್‌ನ ಹೊರಮೈಗೆ ಟೇಪ್ ಅಂಟಿಸಿ, ಈಗಿನ ಮಟ್ಟಕ್ಕೆ ಸರಿಯಾಗಿ ಪೆನ್ನಿನಿಂದ ಗೆರೆ ಎಳೆಯಿರಿ. ನಂತರ ಒಳ್ಳೆಯ ವೇಗದಲ್ಲಿ ಓಡಿಸಿ. ಐಡಲ್‌ನಲ್ಲಿ ಪಂಪ್ ಬಿಡುವ ಆಯಿಲ್ ತೀರಾ ಕಡಿಮೆ, ಗೆರೆ ಇಳಿದದ್ದು ಕಣ್ಣಿಗೆ ಕಾಣುವುದಿಲ್ಲ. 10 ಲೀಟರ್ ಇಂಧನ ಉರಿದರೆ ಆಯಿಲ್ ಸುಮಾರು 100ರಿಂದ 200 ಎಂಎಲ್ ಇಳಿಯಬೇಕು. ಇಳಿದರೆ ಪಂಪ್ ದುಡಿಯುತ್ತಿದೆ. ಎರಡೂ ಕಡೆಯ ಆಯಿಲ್ ಸೇರಿ ಹೊಗೆ ಜಾಸ್ತಿ ಬರಬಹುದು, ಪ್ಲಗ್ ಕಪ್ಪಾಗಬಹುದು, ಅಷ್ಟೇ. ಗೆರೆ ಕದಲದಿದ್ದರೂ ಮಿಶ್ರಣದಲ್ಲಿನ ಆಯಿಲ್ ಎಂಜಿನ್ ಕಾಯ್ದಿರುತ್ತದೆ. ತಪ್ಪು ಹುಡುಕುವಾಗ ಯಂತ್ರ ಹಾಳಾಗದಂತೆ ನೋಡಿಕೊಳ್ಳುವ ಪರೀಕ್ಷೆ ಇದು.

ಗೆರೆ ಇಳಿಯದಿದ್ದರೆ ಪಂಪ್ ಬದಲಿಸುವ ಮೊದಲು ಪೈಪ್‌ಗಳನ್ನು ನೋಡಿ. ಪಂಪ್‌ಗಿಂತ ಹಿಂದಿನ ಪೈಪ್‌ನಲ್ಲಿ ಆಯಿಲ್ ಎಳೆತದಿಂದ ಬರುತ್ತದೆ. ಅಲ್ಲಿ ಬಿರುಕು ಬಿಟ್ಟರೆ ಆಯಿಲ್ ಹೊರಗೆ ಜಿನುಗಲೇಬೇಕೆಂದಿಲ್ಲ, ಗಾಳಿ ಒಳಗೆ ಹೋಗುತ್ತದೆ. ತೂತು ಬಿದ್ದ ಸ್ಟ್ರಾದಲ್ಲಿ ಎಳನೀರು ಹೀರಿದಂತೆ, ಎಷ್ಟು ಎಳೆದರೂ ಬರುವುದು ಗಾಳಿಯೇ. ಪಾರದರ್ಶಕ ಪೈಪ್ ಆಗಿದ್ದರೆ ಗುಳ್ಳೆಗಳು ಕಾಣುತ್ತವೆ. ಟ್ಯಾಂಕ್‌ಗೆ ಗಾಳಿ ಬಿಡುವ ರಂಧ್ರ ಉಪ್ಪು ಕಟ್ಟಿ ಮುಚ್ಚಿಹೋದರೂ ಆಯಿಲ್ ಮುಂದೆ ಸಾಗುವುದಿಲ್ಲ. ಮಳೆನೀರು ಟ್ಯಾಂಕ್‌ಗೆ ಇಳಿದಿದ್ದರೆ ಇನ್ನೂ ಕಷ್ಟ. ನೀರು ಆಯಿಲ್‌ಗಿಂತ ಭಾರ, ತಳ ಸೇರುತ್ತದೆ. ಪಂಪ್ ಹೀರುವುದೂ ತಳದಿಂದಲೇ. ಪೈಪ್ ಬಿಚ್ಚಿ ಹಾಕಿದ ಮೇಲೆ ಒಳಗಿನ ಗಾಳಿ ಪೂರ್ತಿ ಹೊರಹೋಗುವವರೆಗೆ ಮಿಶ್ರಣದ ಇಂಧನದಲ್ಲೇ ಓಡಿಸಬೇಕು.

ಫೋರ್ ಸ್ಟ್ರೋಕ್ ಬಂದ ಮೇಲೆ ಬೇರೆಯೇ ಸಮಸ್ಯೆ ಬಂತು. ಇಲ್ಲಿ ಸಂಪ್ ಇದೆ, ಪ್ರೆಶರ್ ಇದೆ, ಆಯಿಲ್ ಮಟ್ಟ ಅಳೆಯುವ ಡಿಪ್‌ಸ್ಟಿಕ್ ಇದೆ. ಕೆಲವೊಮ್ಮೆ ಆಯಿಲ್ ಕಡಿಮೆಯಾಗುವ ಬದಲು ಹೆಚ್ಚಾಗುತ್ತದೆ! ಡಿಪ್‌ಸ್ಟಿಕ್ ಮೂಸಿದರೆ ಪೆಟ್ರೋಲ್ ವಾಸನೆ. ಔಟ್‌ಬೋರ್ಡ್ ಹೊರಗಿನ ನೀರನ್ನೇ ಹೀರಿ ತಂಪಾಗುವ ಯಂತ್ರ. ಎಂಜಿನ್ ಬಿಸಿಯಾಗುವವರೆಗೆ ಆ ನೀರನ್ನು ತಡೆದಿಡುವ ಥರ್ಮೋಸ್ಟಾಟ್ ಹಲವು ಮಾದರಿಗಳಲ್ಲಿ 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ತೆರೆದುಕೊಳ್ಳುತ್ತದೆ, ಕಾರಿಗಿಂತ ಬಹಳ ಬೇಗ. ಮರಳಿನ ಕಣವೋ ಉಪ್ಪೋ ಸಿಕ್ಕಿ ಅದು ತೆರೆದೇ ಉಳಿದರೆ, ಅಥವಾ ಗಂಟೆಗಟ್ಟಲೆ ನಿಧಾನವಾಗಿಯೇ ಓಡಿಸಿದರೆ, ಎಂಜಿನ್ ಬಿಸಿಯೇರುವುದಿಲ್ಲ. ಆವಿಯಾಗದ ಪೆಟ್ರೋಲ್ ತಣ್ಣನೆಯ ಸಿಲಿಂಡರ್ ಗೋಡೆಯ ಮೇಲೆ ಇಳಿದು, ಪಿಸ್ಟನ್ ರಿಂಗ್ ದಾಟಿ ಸಂಪ್ ಸೇರುತ್ತದೆ. ಆಯಿಲ್ ತೆಳುವಾಗಿ ಬೇರಿಂಗ್ ಹೊರುವ ಪದರವೇ ದುರ್ಬಲವಾಗುತ್ತದೆ. ಥರ್ಮೋಸ್ಟಾಟ್ ನೋಡಿ, ಆಯಿಲ್ ಬದಲಿಸಿ, ಎಂಜಿನ್‌ಗೆ ಆಗಾಗ ಭಾರ ಕೊಟ್ಟು ಓಡಿಸಿ. ಮಟ್ಟ ನೋಡುವಾಗ ಎಂಜಿನ್ ನೆಟ್ಟಗೆ ಇಳಿಸಿ, ಸ್ವಲ್ಪ ಹೊತ್ತು ಕಾಯಬೇಕು. ಎತ್ತಿಟ್ಟಿದ್ದ ಎಂಜಿನ್ ಇಳಿಸಿದ ತಕ್ಷಣ ಅಳೆದರೆ ಕಡಿಮೆ ತೋರಿಸುತ್ತದೆ, ಜನ ಸುಮ್ಮನೆ ಇನ್ನಷ್ಟು ಸುರಿಯುತ್ತಾರೆ. ಆಯಿಲ್ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಎಂದೇ ಅರ್ಥ. ಅದನ್ನು ಓಡಿಸಿ ನೋಡುವುದು ಬೇಡ.

ಕೆಳಗಿನ ಗೇರ್ ಬಾಕ್ಸ್‌ನ ಆಯಿಲ್ ಆ ಬಣ್ಣಕ್ಕೆ ತಿರುಗಿದ್ದರೆ ಮೊದಲು ಪ್ರೊಪೆಲ್ಲರ್ ಬಿಚ್ಚಿ ಅದರ ಹಿಂದೆ ನೋಡಿ. ಬಲೆಯದೋ ಗಾಳದ್ದೋ ನೈಲಾನ್ ದಾರ ಶಾಫ್ಟ್‌ಗೆ ಬಿಗಿಯಾಗಿ ಸುತ್ತಿಕೊಂಡು ಸೀಲಿನ ರಬ್ಬರನ್ನು ಕೊಯ್ದಿರುವುದು ಬಹಳ ಸಾಮಾನ್ಯ. ಹೊಸ ಆಯಿಲ್ ತುಂಬುವಾಗ ಕೆಳಗಿನ ತೂತಿನಿಂದ ಒತ್ತಿ, ಮೇಲಿನ ತೂತಿನಿಂದ ಗುಳ್ಳೆಯಿಲ್ಲದೆ ಉಕ್ಕುವವರೆಗೆ ತುಂಬಬೇಕು.

ಇನ್ನು ಕಡಲಲ್ಲೇ ಅಲಾರಂ ಕೂಗಿದರೆ ಮೊದಲು ಥ್ರಾಟಲ್ ಇಳಿಸಿ ಎಂಜಿನ್ ನಿಲ್ಲಿಸಿ. ಟೂ ಸ್ಟ್ರೋಕ್ ಆಗಿದ್ದು, ತೊಂದರೆ ಆಯಿಲ್‌ನದೇ ಎಂದಾದರೆ ದಾರಿಯಿದೆ: ದೋಣಿಯಲ್ಲಿ ಸದಾ ಇರಬೇಕಾದ ಆಯಿಲ್ ಡಬ್ಬಿಯಿಂದ ಲೀಟರ್‌ಗೆ 20 ಎಂಎಲ್ ಲೆಕ್ಕದಲ್ಲಿ ನೇರ ಇಂಧನ ಟ್ಯಾಂಕ್‌ಗೇ ಬೆರೆಸಿ, ಚೆನ್ನಾಗಿ ಅಲ್ಲಾಡಿಸಿ, ನಿಧಾನವಾಗಿ ದಡ ಸೇರಬಹುದು. ಫೋರ್ ಸ್ಟ್ರೋಕ್‌ನಲ್ಲಿ ಆ ಸೌಲಭ್ಯ ಇಲ್ಲ. ಮಟ್ಟ ಸರಿಯಿದ್ದೂ ಪ್ರೆಶರ್ ಅಲಾರಂ ನಿಲ್ಲದಿದ್ದರೆ ಮತ್ತೆ ಸ್ಟಾರ್ಟ್ ಮಾಡಬೇಡಿ. ಲಂಗರು ಹಾಕಿ, ಹತ್ತಿರದ ದೋಣಿಯವರನ್ನು ಕರೆಯಿರಿ.