ರಣಹದ್ದು ಹೋದರೇನು, ನಾಯಿಗಳಿವೆಯಲ್ಲ?

ಪ್ರಶ್ನೆ: ಸತ್ತ ದನವನ್ನು ಈಗ ನಾಯಿಗಳೇ ತಿಂದು ಮುಗಿಸುತ್ತವೆ. ರಣಹದ್ದು ಉಳಿಸಲು ಇಷ್ಟೊಂದು ಒದ್ದಾಟ ಯಾಕೆ?

ಉತ್ತರ: ಮತ್ತೆ ಇದೇ ಪ್ರಶ್ನೆ! ನಾಯಿ ತಿನ್ನುತ್ತದೆ ನಿಜ, ಮುಗಿಸುವುದಿಲ್ಲ. ರಣಹದ್ದಿನ ದೊಡ್ಡ ಹಿಂಡು ಇಳಿದರೆ ಕೆಲವೇ ತಾಸಿನಲ್ಲಿ ಹಸುವಿನ ಹೆಣದಲ್ಲಿ ಉಳಿಯುವುದು ಎಲುಬಿನ ಗೂಡು. ಅದರ ಜಠರದ ಆಮ್ಲ ಎಷ್ಟು ತೀಕ್ಷ್ಣವೆಂದರೆ ಕೊಳೆತ ಮಾಂಸದ ಬಹುಪಾಲು ರೋಗಾಣು ಅಲ್ಲೇ ಸಾಯುತ್ತವೆ. ನಾಯಿಯಾದರೋ ಒಂದು ತೊಡೆ ಕಚ್ಚಿಕೊಂಡು ಕೇರಿಗೆ ಬರುತ್ತದೆ. ಮಿಕ್ಕಿದ್ದು ಹಳ್ಳದ ಪಕ್ಕ ದಿನಗಟ್ಟಲೆ ನಾರುತ್ತದೆ. ಹೊಟ್ಟೆ ತುಂಬಿದ ನಾಯಿ ಸೂಲಿಗೆ ಐದಾರು ಮರಿ ಹಾಕುತ್ತದೆ. ರಣಹದ್ದು ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ, ಅದೂ ಐದು ವರ್ಷದ ಹೊತ್ತಿಗೆ ಬಲಿತ ಮೇಲೆ. ನಾಯಿ ಹೆಚ್ಚಿದಲ್ಲಿ ರೇಬಿಸ್ ಹೆಚ್ಚುತ್ತದೆ. ಕಾಡಂಚಿನಲ್ಲಾದರೆ ನಾಯಿಗಳ ವೈರಸ್ ರೋಗ ಡಿಸ್ಟೆಂಪರ್ ಸೀಳುನಾಯಿಗಳಿಗೂ ದಾಟುತ್ತದೆ.

"ಹದ್ದುಗಳಿವೆಯಲ್ಲ" ಎಂದೂ ಕೇಳಬೇಡಿ. ಕೋಳಿ ಅಂಗಡಿ ಮೇಲೆ ಸುತ್ತುವ, ಬಾಲ ಕವಲೊಡೆದ ಹಕ್ಕಿ ಬರೀ ಹದ್ದು. ದನದ ತೊಗಲು ಸೀಳುವ ಕೊಕ್ಕು ಅದಕ್ಕಿಲ್ಲ.

ರಣಹದ್ದು ಸತ್ತದ್ದು ಹಸಿವಿನಿಂದಲ್ಲ, ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ಔಷಧದಿಂದ. ಆ ಇಂಜೆಕ್ಷನ್ ಕೊಟ್ಟ ಬೆನ್ನಲ್ಲೇ ಸತ್ತ ದನವನ್ನು ತಿಂದರೆ ಹಕ್ಕಿಯ ಮೂತ್ರಪಿಂಡ ಕೈಕೊಡುತ್ತದೆ. ಯಕೃತ್ತು, ಹೃದಯದ ಮೇಲೆ ಯೂರಿಕ್ ಆಮ್ಲ ಸುಣ್ಣ ಬಳಿದ ಹಾಗೆ ಕೂರುತ್ತದೆ. ನೂರು ಹೆಣದಲ್ಲಿ ಒಂದಕ್ಕಿಂತ ಕಡಿಮೆ ವಿಷವಾಗಿದ್ದರೂ ಸಂತತಿ ಕುಸಿಯಲು ಸಾಕು, ಏಕೆಂದರೆ ಒಂದೇ ಹೆಣಕ್ಕೆ ಹಿಂಡೇ ಇಳಿಯುತ್ತದೆ. 2006ರಲ್ಲಿ ದನಕರುಗಳಿಗೆ ಇದರ ಬಳಕೆ ನಿಷೇಧವಾಯಿತು. ಮನುಷ್ಯರಿಗೆಂದು ಮಾಡಿದ ಇದೇ ಇಂಜೆಕ್ಷನ್ನಿನ ದೊಡ್ಡ ಬಾಟಲಿ ಕೊಟ್ಟಿಗೆಗೆ ನುಸುಳುತ್ತಿತ್ತು, ಹಾಗಾಗಿ 2015ರಲ್ಲಿ ಅದನ್ನೂ 3 ಮಿ.ಲೀ.ಗೆ ಇಳಿಸಿದರು. ಇನ್ನೊಂದು ನೋವಿನ ಔಷಧ ಅಸೆಕ್ಲೋಫೆನಾಕ್ ದನದ ಮೈಯೊಳಗೆ ಹೋಗಿ ಡೈಕ್ಲೋಫೆನಾಕ್ ಆಗಿಯೇ ಬದಲಾಗುತ್ತದೆ. ಅದಕ್ಕೂ ಅಂಥದ್ದೇ ನೋವಿನ ಔಷಧ ಕೀಟೊಪ್ರೊಫೆನ್‌ಗೂ ದನಕರುಗಳ ಬಳಕೆಗೆ ನಿಷೇಧ ಬಂದದ್ದು 2023ರಲ್ಲಿ. ನೋವಿಗೆ ಪಶುವೈದ್ಯರ ಬಳಿ ಮೆಲಾಕ್ಸಿಕಾಮ್ ಕೇಳಿ, ಅದು ರಣಹದ್ದಿಗೆ ಸುರಕ್ಷಿತ.

ರಾಮನಗರದ ರಾಮದೇವರಬೆಟ್ಟವನ್ನು 2012ರಲ್ಲಿ ರಣಹದ್ದು ಧಾಮ ಮಾಡಿದರು, ಒಳ್ಳೆಯದೇ. ಆದರೆ ಬಂಡೆಯಲ್ಲಿ ಗೂಡು ಕಟ್ಟುವ ಹಕ್ಕಿ ಮೇವಿಗೆ ಹತ್ತಾರು ಕಿಲೋಮೀಟರ್ ಹಾರುತ್ತದೆ. ಅದನ್ನು ಕಾಯಬೇಕಾದದ್ದು ನಮ್ಮ ನಿಮ್ಮ ಕೊಟ್ಟಿಗೆಯಲ್ಲಿ.

ಯಾರೂ ಕೇಳದಿದ್ದರೂ ಹೇಳಿಬಿಡುತ್ತೇನೆ: ಯಾವ ಹೆಣ ಹೂಳಬೇಕು? ನೋವಿನ ಇಂಜೆಕ್ಷನ್ ಬಿದ್ದು, ಯಾವ ಔಷಧವೆಂದು ಗೊತ್ತಿಲ್ಲದಿದ್ದರೆ ಆರಡಿ ಆಳಕ್ಕೆ ಹೂಳಿ. ದಿಢೀರನೆ ಸತ್ತು, ಮೂಗು, ಬಾಯಿ, ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಸೋರುತ್ತಿದ್ದರೆ ನೆರಡಿ ರೋಗ (ಆಂಥ್ರಾಕ್ಸ್) ಇರಬಹುದು. ಚರ್ಮದ ಆಸೆಗೆ ಕೊಯ್ಯಬೇಡಿ. ಗಾಳಿ ತಾಗಿದ ರಕ್ತದಲ್ಲಿ ಬೀಜಾಣು ಹುಟ್ಟಿ ಮಣ್ಣಿನಲ್ಲಿ ದಶಕಗಟ್ಟಲೆ ಬದುಕುತ್ತವೆ. ಮೊದಲು ಪಶು ಆಸ್ಪತ್ರೆಗೆ ಫೋನ್ ಮಾಡಿ, ಆಮೇಲೆ ಕೊಯ್ಯದೆ ಸುಣ್ಣ ಸುರಿದು ಇಡಿಯಾಗಿ ಹೂಳಿ.