20 ವಾರ, 24 ವಾರ: ಗರ್ಭಪಾತದ ಕಾನೂನು ಬಂದ ದಾರಿ

ತಾಯಿ ಕಾರ್ಡಿನಲ್ಲಿ ಕೊನೆಯ ಮುಟ್ಟಿನ ತಾರೀಕು ಬರೆಯುತ್ತಾರೆ. ಹೆರಿಗೆ ಯಾವಾಗ ಅಂತ ಲೆಕ್ಕ ಹಾಕುವುದು ಅದರಿಂದಲೇ. ಗರ್ಭ ಬೇಡ ಎಂದಾಗ ಕಾನೂನು ಎಣಿಸುವ ವಾರಗಳೂ ಅಲ್ಲಿಂದಲೇ ಶುರು. ನಮ್ಮ ಉತ್ತರ ಕನ್ನಡ ಜಿಲ್ಲೆಯ ಜೋಯಿಡಾದ ಕಾಡಿನ ಹಳ್ಳಿಯವಳಿಗೂ ಬೆಂಗಳೂರಿನವಳಿಗೂ ಲೆಕ್ಕ ಒಂದೇ. ಆಸ್ಪತ್ರೆಯ ದಾರಿ ಮಾತ್ರ ಒಂದೇ ಅಲ್ಲ.

ಮೊದಲು ಇಂಥ ವಾರದ ಲೆಕ್ಕವೇ ಇರಲಿಲ್ಲ. 1860ರ ದಂಡ ಸಂಹಿತೆಯ 312ನೇ ಕಲಂ ಪ್ರಕಾರ ಗರ್ಭಪಾತ ಅಪರಾಧ. ಮಾಡಿದವರಿಗಷ್ಟೇ ಅಲ್ಲ, ಮಾಡಿಸಿಕೊಂಡವಳಿಗೂ ಶಿಕ್ಷೆ. ತಾಯಿಯ ಜೀವ ಉಳಿಸಲು ಮಾಡಿದರೆ ಮಾತ್ರ ವಿನಾಯಿತಿ. ಹಾಗಂತ ಗರ್ಭಪಾತ ನಿಂತಿತೇ? ಕದ್ದುಮುಚ್ಚಿ ನಡೆಯಿತು, ಹೆಂಗಸರು ಸತ್ತರು. 1964ರಲ್ಲಿ ಶಾಂತಿಲಾಲ್ ಶಾ ಸಮಿತಿ ಕೂತಿತು, 1971ರಲ್ಲಿ ವೈದ್ಯಕೀಯ ಗರ್ಭಪಾತ ಕಾಯ್ದೆ ಬಂತು. ಆಗ 12 ವಾರದವರೆಗೆ ಒಬ್ಬ ವೈದ್ಯರ ಒಪ್ಪಿಗೆ, 20 ವಾರದವರೆಗೆ ಇಬ್ಬರದು ಬೇಕಿತ್ತು.

ಈ ಕಾಯ್ದೆ ಹೆಣ್ಣಿಗೆ ಹಕ್ಕು ಕೊಟ್ಟಿತು ಎಂದು ಅನೇಕರು ತಿಳಿದಿದ್ದಾರೆ. ನಿಜವಾಗಿ ಅದು ಕೊಟ್ಟದ್ದು ವೈದ್ಯರಿಗೆ ರಕ್ಷಣೆ. ಅವಳು ಬೇಡ ಅಂದರೆ ಸಾಲದು, ವೈದ್ಯರಿಗೂ ಸರಿ ಅನಿಸಬೇಕು. ಹಳೆಯ 312 ಕೂಡ ಎಲ್ಲೂ ಹೋಗಿಲ್ಲ. ದಂಡ ಸಂಹಿತೆಯ ಬದಲು 2024ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 88ನೇ ಕಲಂ. ಗರ್ಭಪಾತ ಇನ್ನೂ ಅಪರಾಧವಾಗಿಯೇ ಉಳಿದಿರುವುದು ನನಗೆ ತಪ್ಪು ಅನಿಸುತ್ತದೆ.

ಹಾಗಾದರೆ ಹೊಟ್ಟೆಯಲ್ಲಿರುವ ಮಗುವಿಗೆ ಕಾನೂನಿನಲ್ಲಿ ಜಾಗವಿಲ್ಲವೇ? ಇದೆ. ಅಪ್ಪ ಸತ್ತಾಗ ಗರ್ಭದಲ್ಲಿದ್ದ ಮಗುವಿಗೂ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಪಾಲಿದೆ. ಆದರೆ ಅದು ಜೀವಂತ ಹುಟ್ಟಿದರೆ ಮಾತ್ರ. 2009ರಲ್ಲಿ ಸುಪ್ರೀಂ ಕೋರ್ಟ್, ಹೆರುವುದು ಬಿಡುವುದು ಹೆಣ್ಣಿನ ವೈಯಕ್ತಿಕ ಸ್ವಾತಂತ್ರ್ಯದ ಭಾಗ ಎಂದಿತು. ಹುಟ್ಟಲಿರುವ ಜೀವ ಕಾಯುವ ಹೊಣೆ ಸರ್ಕಾರಕ್ಕೂ ಇದೆ ಎಂದು ಅದೇ ತೀರ್ಪಿನಲ್ಲಿ ಸೇರಿಸಿತು.

2021ರ ತಿದ್ದುಪಡಿ ಕೆಲವು ವರ್ಗದ ಮಹಿಳೆಯರಿಗೆ ಮಿತಿಯನ್ನು 24 ವಾರಕ್ಕೆ ಏರಿಸಿತು. ಭ್ರೂಣದಲ್ಲಿ ಗಂಭೀರ ದೋಷ ಇದೆ ಎಂದು ವೈದ್ಯಕೀಯ ಮಂಡಳಿ ಹೇಳಿದರೆ ವಾರದ ಮಿತಿಯೇ ಇಲ್ಲ. 2022ರಲ್ಲಿ ಕೋರ್ಟು ಮದುವೆಯಾಗದವರಿಗೂ 24 ವಾರ ಅನ್ವಯ ಎಂದಿತು.

ಮರುವರ್ಷವೇ ಕಷ್ಟದ ಪ್ರಕರಣ ಬಂತು. ಎರಡು ಮಕ್ಕಳ ತಾಯಿ, ಎರಡನೇ ಹೆರಿಗೆಯ ನಂತರ ಮಾನಸಿಕ ಕಾಯಿಲೆಗೆ ಔಷಧಿ ತಗೊಳ್ಳುತ್ತಿದ್ದವಳು. ಮಗುವಿಗೆ ಹಾಲೂಡಿಸುತ್ತಿದ್ದದ್ದರಿಂದ ಮತ್ತೆ ಬಸುರಾದದ್ದು ಗೊತ್ತೇ ಆಗಿರಲಿಲ್ಲ. ಕೋರ್ಟಿಗೆ ಬರುವಾಗ ಸುಮಾರು 26 ವಾರ. ಮೊದಲು ಅನುಮತಿ ಸಿಕ್ಕಿತು. ಭ್ರೂಣ ಬದುಕುವ ಸ್ಥಿತಿಯಲ್ಲಿದೆ ಎಂದು ವೈದ್ಯರು ತಿಳಿಸಿದ ಮೇಲೆ ಇಬ್ಬರು ನ್ಯಾಯಮೂರ್ತಿಗಳ ಅಭಿಪ್ರಾಯ ಬೇರೆಯಾಯಿತು. ಅವಳ ನಿರ್ಧಾರಕ್ಕೆ ಬೆಲೆ ಕೊಡಬೇಕು ಎಂದವರು ನಮ್ಮ ಕರ್ನಾಟಕದವರೇ ಆದ ಬಿ.ವಿ. ನಾಗರತ್ನ. ಕೊನೆಗೆ ಮೂವರ ಪೀಠ ಅನುಮತಿ ನಿರಾಕರಿಸಿತು. 24 ವಾರ ದಾಟಿತ್ತು, ಭ್ರೂಣದಲ್ಲಿ ದೋಷವಿರಲಿಲ್ಲ, ತಾಯಿಯ ಜೀವಕ್ಕೆ ತಕ್ಷಣದ ಅಪಾಯವೂ ಇರಲಿಲ್ಲ.

ಭ್ರೂಣ ಬೆಳೆದಷ್ಟೂ ಪ್ರಶ್ನೆ ಭಾರವಾಗುತ್ತದೆ, ಒಪ್ಪೋಣ. ಆದರೆ ತಡ ಯಾಕೆ ಆಗುತ್ತದೆ ಅಂತಲೂ ಕೇಳಬೇಕಲ್ವಾ? ಮಗುವಿನ ಅಂಗಾಂಗ ನೋಡುವ ಸ್ಕ್ಯಾನ್ ಮಾಡುವುದೇ 18ರಿಂದ 20ನೇ ವಾರದಲ್ಲಿ. ಅನುಮಾನ ಬಂದರೆ ನಮ್ಮ ಜಿಲ್ಲೆಯವರು ಇನ್ನೊಮ್ಮೆ ತೋರಿಸಲು ಮಣಿಪಾಲಕ್ಕೋ ಹುಬ್ಬಳ್ಳಿಗೋ ಗೋವಾಕ್ಕೋ ಹೋಗಬೇಕು. ಮಳೆಗಾಲದಲ್ಲಿ ಘಟ್ಟದ ರಸ್ತೆ ಕುಸಿದರೆ ಇನ್ನೂ ತಡ. ಹೈಕೋರ್ಟಿಗೆ ಹೋಗಬೇಕಾದರೆ ಧಾರವಾಡ ಪೀಠ. ವೈದ್ಯಕೀಯ ಮಂಡಳಿ ಮೂರು ದಿನದಲ್ಲಿ ಅಭಿಪ್ರಾಯ ಕೊಡಬೇಕು ಎಂದು ನಿಯಮವಿದೆ. ಆ ಮಂಡಳಿಯವರೆಗೆ ಬಸುರಿ ತಲುಪಲು ಹಿಡಿಯುವ ದಿನಗಳಿಗೆ ಯಾವ ನಿಯಮವೂ ಇಲ್ಲ. 2022ರಲ್ಲಿ ಜಿಲ್ಲೆಯ ಜನ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಗೆ ಹೋರಾಟ ಮಾಡಿದಾಗ ಮುಂದಿದ್ದದ್ದು ಅಪಘಾತ, ಹೃದಯಾಘಾತದ ಮಾತು. ಬಸುರಿಯರ ಸ್ಕ್ಯಾನಿಂಗ್ ತಜ್ಞರು ಇಲ್ಲೇ ಬೇಕು ಎನ್ನುವ ಬೇಡಿಕೆಯನ್ನೂ ಅದರ ಜೊತೆ ಇಡಬೇಕು.