ಮಾಹಿತಿ ಎಲ್ಲರದು, ಲಾಂಛನ ಅವರದು

"ವೆಬ್‌ಸೈಟಲ್ಲಿ ಎಲ್ಲರಿಗೂ ಕಾಣುವ ಹಾಗೆ ಹಾಕಿದ್ದಾರಲ್ಲ ಸರ್, ನಾವು ಹಾಕಿದರೆ ಏನು ತಪ್ಪು?" ಟ್ರೇಡ್‌ಮಾರ್ಕ್, ಕಾಪಿರೈಟ್ ಕೆಲಸ ನೋಡುವ ವಕೀಲರು ಮಂಗಳೂರು, ಉಡುಪಿಯಲ್ಲಿ ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಕೇಳುವವರು ಮೋಸಗಾರರಲ್ಲ. ನೀರಿನ ಫಿಲ್ಟರ್ ಮಾರುವವರು, ಗೇರುಬೀಜದ ಕಾರ್ಖಾನೆಯವರು, ಹೆಬ್ರಿ ಕಡೆಯ ಹೋಮ್‌ಸ್ಟೇಯವರು, ಆರೋಗ್ಯ ಶಿಬಿರ ಇಟ್ಟುಕೊಂಡ ಯುವಕ ಮಂಡಲದವರು. ಡಿಟಿಪಿ ಅಂಗಡಿಯಿಂದ ಬಂದ ಡಿಸೈನ್ ಮೊಬೈಲಿನಲ್ಲಿ ತೋರಿಸುತ್ತಾರೆ. ಮೂಲೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಹಾವು ಸುತ್ತಿದ ಕೋಲು ಇರುತ್ತದೆ, ಇಲ್ಲವೇ ಯುನೆಸ್ಕೊದ ದೇಗುಲ.

ಮಾಹಿತಿಗೆ ಒಂದು ಕಾನೂನು, ಹೆಸರು ಮತ್ತು ಲಾಂಛನಕ್ಕೆ ಬೇರೆಯೇ ಕಾನೂನು. ಒಂದರಲ್ಲಿ ಸಿಕ್ಕ ಅನುಮತಿ ಇನ್ನೊಂದರಲ್ಲಿ ನಡೆಯುವುದಿಲ್ಲ. ಇಷ್ಟೇ ವಿಷಯ, ಆದರೆ ಇದೇ ತಲೆಗೆ ಹೋಗುವುದಿಲ್ಲ.

ಮೊದಲು ಹೆಸರು. 1950ರ ಲಾಂಛನ ಮತ್ತು ಹೆಸರುಗಳ ಅನುಚಿತ ಬಳಕೆ ತಡೆ ಕಾಯ್ದೆಯ ಅನುಸೂಚಿಯಲ್ಲಿ ವಿಶ್ವಸಂಸ್ಥೆ, ವಿಶ್ವ ಆರೋಗ್ಯ ಸಂಸ್ಥೆ, ಯುನೆಸ್ಕೊ ಎಲ್ಲ ಇವೆ. 3ನೇ ಕಲಮಿನ ಪ್ರಕಾರ ವ್ಯಾಪಾರ, ಉದ್ಯೋಗ, ವೃತ್ತಿಗಾಗಿ ಆ ಹೆಸರನ್ನಾಗಲಿ ಲಾಂಛನವನ್ನಾಗಲಿ, ಅದರ ನಕಲಿನಂತಿರುವ ಯಾವುದನ್ನೇ ಆಗಲಿ, ಕೇಂದ್ರ ಸರ್ಕಾರದ ಪೂರ್ವಾನುಮತಿ ಇಲ್ಲದೆ ಬಳಸುವಂತಿಲ್ಲ. "ಹೆಸರು" ಎಂದರೆ ಅದರ ಸಂಕ್ಷಿಪ್ತ ರೂಪವೂ ಸೇರಿತು ಎಂದು ಕಾಯ್ದೆಯೇ ಹೇಳುತ್ತದೆ. ಹಾಗಾಗಿ "ಪೂರ್ತಿ ಹೆಸರು ಬರೆದಿಲ್ಲ, ಡಬ್ಲ್ಯುಎಚ್‌ಒ ಅಂತ ಮಾತ್ರ ಹಾಕಿದ್ದು" ಎನ್ನುವ ವಾದ ನಿಲ್ಲುವುದಿಲ್ಲ. ಹಾವಿನ ಬಣ್ಣ ನೀಲಿಯಿಂದ ಹಸಿರು ಮಾಡಿದರೂ ಅಷ್ಟೇ.

ಕಾಯ್ದೆ ಬಂದಾಗ ಇಟ್ಟ ದಂಡ ಬರೀ 500 ರೂಪಾಯಿ. ಮೊಕದ್ದಮೆ ಹೂಡಲೂ ಕೇಂದ್ರದ ಮಂಜೂರಾತಿ ಬೇಕು. ಇದನ್ನು ಓದಿಕೊಂಡು ಬಂದು ಧೈರ್ಯ ಹೇಳುವವರಿದ್ದಾರೆ. ನಿಜವಾದ ಪೆಟ್ಟು ಬೀಳುವುದು ಬೇರೆ ಕಡೆ. ಅಂಥ ಹೆಸರಿನ ಟ್ರೇಡ್‌ಮಾರ್ಕ್ ಅರ್ಜಿ 1999ರ ಕಾಯ್ದೆಯ 9(2)(ಡಿ) ಅಡಿ ತಿರಸ್ಕೃತವಾಗುತ್ತದೆ. ಕಂಪೆನಿಯನ್ನೋ ಸಂಘವನ್ನೋ ಆ ಹೆಸರಲ್ಲಿ ನೋಂದಾಯಿಸಲು 1950ರ ಕಾಯ್ದೆಯ 4ನೇ ಕಲಮು ಬಿಡುವುದಿಲ್ಲ. ಅಷ್ಟರಲ್ಲಿ ಡಬ್ಬ, ಕಾರ್ಟನ್, ಬೋರ್ಡು ಎಲ್ಲ ಪ್ರಿಂಟ್ ಆಗಿರುತ್ತದೆ.

ಹಾಗಾದರೆ ಸಂಸ್ಥೆಯ ಹೆಸರು ಎತ್ತಲೇಬಾರದೇ? ಹಾಗೇನಿಲ್ಲ. ಅವರು ಏನು ಹೇಳಿದ್ದಾರೆ ಎಂದು ತಿಳಿಸಲು ಹೆಸರು ಬೇಕೇ ಬೇಕು. ಪತ್ರಿಕೆ, ಪಾಠ, ಪ್ರಬಂಧ, ಆರೋಗ್ಯ ಶಿಬಿರದ ಕರಪತ್ರದಲ್ಲಿ "ವಯಸ್ಕರು ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ತಿನ್ನಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ" ಎಂದು ಬರೆಯಿರಿ, ಯಾರ ತಕರಾರೂ ಇರದು. ಅದೇ ವಾಕ್ಯ ನಿಮ್ಮ ಉಪ್ಪಿನ ಪ್ಯಾಕೆಟ್ಟಿನ ಮುಂಭಾಗಕ್ಕೆ, ನಿಮ್ಮ ಬ್ರ್ಯಾಂಡಿನ ಕೆಳಗೆ ಬಂದರೆ ಅರ್ಥ ಬದಲಾಗುತ್ತದೆ. ಕೊಳ್ಳುವವರು ಅದನ್ನು ನಿಮ್ಮ ಉಪ್ಪಿಗೆ ಕೊಟ್ಟ ಸರ್ಟಿಫಿಕೇಟ್ ಎಂದೇ ಓದುತ್ತಾರೆ. ವಾಕ್ಯ ಸತ್ಯವಾಗಿದ್ದರೂ ಇದು ಅಪಾಯದ ಜಾಗ. ಪ್ರಿಂಟಿಗೆ ಕೊಡುವ ಮೊದಲು ಒಬ್ಬರಿಗೆ ತೋರಿಸಿ.

ಫಿಲ್ಟರಿನ ಸ್ಟಿಕ್ಕರನ್ನೇ ಹತ್ತಿರದಿಂದ ನೋಡೋಣ. "ಡಬ್ಲ್ಯುಎಚ್‌ಒ ಅನುಮೋದಿತ ಟಿಡಿಎಸ್ 50–150" ಎಂದಿರುತ್ತದೆ (ಟಿಡಿಎಸ್ ಎಂದರೆ ನೀರಿನಲ್ಲಿ ಕರಗಿರುವ ಲವಣ ಮುಂತಾದವುಗಳ ಪ್ರಮಾಣ), ಪಕ್ಕದಲ್ಲಿ ಲಾಂಛನ. ಒಂದು ಸಾಲಲ್ಲಿ ಮೂರು ತಪ್ಪು. ಆ ಸಂಸ್ಥೆ ಅಂಗಡಿಯ ಫಿಲ್ಟರನ್ನು ಅನುಮೋದಿಸಿಲ್ಲ. ಲಾಂಛನಕ್ಕೆ ಅನುಮತಿ ಇಲ್ಲ. ಅಂಕಿಯೂ ಅವರದಲ್ಲ: ಕುಡಿಯುವ ನೀರಿನ ಅವರ ಮಾರ್ಗಸೂಚಿಯಲ್ಲಿ ಟಿಡಿಎಸ್‌ಗೆ ಆರೋಗ್ಯಾಧಾರಿತ ಮಿತಿಯನ್ನೇ ಇಟ್ಟಿಲ್ಲ. ಲೀಟರಿಗೆ ಸುಮಾರು 600 ಮಿಲಿಗ್ರಾಂಗಿಂತ ಕಡಿಮೆಯಿದ್ದರೆ ರುಚಿ ಚೆನ್ನಾಗಿರುತ್ತದೆ, 1000 ದಾಟಿದರೆ ಕುಡಿಯಲು ಹಿತವಾಗದು ಎಂದಷ್ಟೇ ಹೇಳಿದೆ. ಅಂಕಿ ಹಾಕಲೇಬೇಕೆಂದಿದ್ದರೆ ನಮ್ಮದೇ ಭಾರತೀಯ ಮಾನಕ ಐಎಸ್ 10500:2012 ಇದೆ. ಅದರಲ್ಲಿ ಸ್ವೀಕಾರಾರ್ಹ ಮಿತಿ 500, ಬೇರೆ ನೀರಿನ ಮೂಲ ಇಲ್ಲದಿದ್ದರೆ 2000. ಕೆಂಪುಕಲ್ಲಿನ ನೆಲದ ನಮ್ಮ ಬಾವಿಗಳಲ್ಲಿ, ಉಪ್ಪುನೀರು ನುಗ್ಗುವ ಅಳಿವೆ ಬದಿ ಬಿಟ್ಟರೆ, ಟಿಡಿಎಸ್ ಸಾಮಾನ್ಯವಾಗಿ ಕಡಿಮೆಯೇ. ಇಲ್ಲದ ಭಯ ಹುಟ್ಟಿಸಲು ಇಲ್ಲದ ಅನುಮೋದನೆ ತೋರಿಸುವುದು ಸರಿಯಲ್ಲ.

"ಡಬ್ಲ್ಯುಎಚ್‌ಒ-ಜಿಎಂಪಿ" ಪ್ರಮಾಣಪತ್ರವೂ, ಅಂದರೆ ಔಷಧವನ್ನು ಒಳ್ಳೆಯ ಕ್ರಮದಲ್ಲಿ ತಯಾರಿಸುತ್ತಾರೆ ಎಂಬ ಪತ್ರವೂ, ವಿಶ್ವ ಆರೋಗ್ಯ ಸಂಸ್ಥೆಯಿಂದ ಬರುವುದಲ್ಲ. ಸಂಸ್ಥೆಯ ಮಾರ್ಗಸೂಚಿ ಪ್ರಕಾರ ತಪಾಸಣೆ ಮಾಡಿ ಕೊಡುವವರು ನಮ್ಮ ಔಷಧ ನಿಯಂತ್ರಣ ಅಧಿಕಾರಿಗಳು. ಐಎಸ್‌ಒ ಕೂಡ ಯಾರಿಗೂ ಸರ್ಟಿಫಿಕೇಟ್ ಕೊಡುವುದಿಲ್ಲ, ಮಾನದಂಡ ಬರೆಯುತ್ತದೆ ಅಷ್ಟೇ. ಕಾರ್ಖಾನೆಯವರು "ಐಎಸ್‌ಒ 22000:2018 ಪ್ರಮಾಣಿತ" ಎಂದು ಪೂರ್ತಿ ಬರೆದು, ಪ್ರಮಾಣಪತ್ರ ಕೊಟ್ಟ ಸಂಸ್ಥೆಯ ಹೆಸರು ಹಾಕಬೇಕು. ಐಎಸ್‌ಒ ಲೋಗೋ ಹಾಕುವಂತಿಲ್ಲ.

ಹೋಮ್‌ಸ್ಟೇಯವರ "ಯುನೆಸ್ಕೊ ಮಾನ್ಯತೆ ಪಡೆದ ತಂಗುದಾಣ" ಬೋರ್ಡು ತೆಗೆಯಲೇಬೇಕು. ಬದಲಿಗೆ ಬರೆಯಲು ಒಳ್ಳೆಯ ಸತ್ಯವೇ ಇದೆ: "2012ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಪಶ್ಚಿಮ ಘಟ್ಟದ 39 ತಾಣಗಳಲ್ಲಿ ಒಂದಾದ ಸೋಮೇಶ್ವರ ವನ್ಯಜೀವಿ ಧಾಮ ಇಲ್ಲಿಂದ ಇಷ್ಟು ಕಿಲೋಮೀಟರ್." ಪಟ್ಟಿಯಲ್ಲಿರುವುದು ಕಾಡು, ನಿಮ್ಮ ಮನೆಯಲ್ಲ.

ಕೆಂಪು ಶಿಲುಬೆಯ ವಿಷಯ ಹೇಳದಿದ್ದರೆ ಆಗದು. ಬಿಳಿ ಹಿನ್ನೆಲೆಯ ಕೆಂಪು ಶಿಲುಬೆ ಆಸ್ಪತ್ರೆಯ ಗುರುತಲ್ಲ, ಮೆಡಿಕಲ್ ಶಾಪಿನದೂ ಅಲ್ಲ. ಯುದ್ಧದಲ್ಲಿ ಗಾಯಾಳುಗಳನ್ನು ಎತ್ತುವವರ ಮೇಲೆ ಗುಂಡು ಹಾರಿಸಬೇಡಿ ಎನ್ನುವ ರಕ್ಷಣಾ ಚಿಹ್ನೆ ಅದು. ನಮ್ಮಲ್ಲಿ 1960ರ ಜಿನೀವಾ ಒಪ್ಪಂದಗಳ ಕಾಯ್ದೆಯ 12ನೇ ಕಲಮು ಅನುಮತಿ ಇಲ್ಲದ ಬಳಕೆಯನ್ನು ನಿಷೇಧಿಸುತ್ತದೆ. ಕ್ಲಿನಿಕ್ ಬೋರ್ಡು, ವೈದ್ಯರ ಕಾರು, ಖಾಸಗಿ ಆ್ಯಂಬುಲೆನ್ಸ್ ಎಲ್ಲೆಲ್ಲೂ ಅದೇ. ಪೈಂಟರ್ ಕೈಲಿ ಹಸಿರು ಶಿಲುಬೆ ಬರೆಸಿದರೆ ಮುಗಿಯಿತು. ಊರೆಲ್ಲ ಬಳಸುತ್ತದೆ ಎಂಬ ಮಾತ್ರಕ್ಕೆ ಆ ಚಿಹ್ನೆಯ ಬೆಲೆ ಇಳಿಸಲು ನಮಗೆ ಹಕ್ಕು ಬರುವುದಿಲ್ಲ.

ಇನ್ನು ಮಾಹಿತಿ. "ಅಂತಾರಾಷ್ಟ್ರೀಯ ಸಂಸ್ಥೆಯದು, ಕಾಪಿರೈಟ್ ಇರುವುದಿಲ್ಲ" ಎನ್ನುವುದು ತಪ್ಪು. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 41ನೇ ಕಲಮು ಇರುವುದೇ ಇಂಥ ಸಂಸ್ಥೆಗಳ ಕೃತಿಗಳಿಗಾಗಿ. ಬರಿಯ ಅಂಕಿ, ಸಂಗತಿ ಯಾರ ಸೊತ್ತೂ ಅಲ್ಲ. ಅದನ್ನು ನಿಮ್ಮ ಮಾತಲ್ಲಿ ಬರೆದು ಮೂಲ ಹೇಳಿದರೆ ಸಾಕು. ಪುಟಗಟ್ಟಲೆ ಎತ್ತಿಕೊಳ್ಳುವುದಾದರೆ, ಅನುವಾದ ಮಾಡುವುದಾದರೆ, ಲೈಸೆನ್ಸ್ ನೋಡಬೇಕು. ಪಿಡಿಎಫ್‌ನ ಮುಖಪುಟ ದಾಟಿ ಎರಡನೆಯ ಪುಟಕ್ಕೆ ಹೋಗಿ. ವಿಶ್ವ ಆರೋಗ್ಯ ಸಂಸ್ಥೆಯ ಈಚಿನ ಪ್ರಕಟಣೆಗಳಲ್ಲಿ ಸಾಮಾನ್ಯವಾಗಿ "ಸಿಸಿ ಬಿವೈ-ಎನ್‌ಸಿ-ಎಸ್‌ಎ 3.0 ಐಜಿಒ" ಎಂದಿರುತ್ತದೆ. ಸಿಸಿ ಎಂದರೆ ಕ್ರಿಯೇಟಿವ್ ಕಾಮನ್ಸ್, ಷರತ್ತಿನ ಮೇಲೆ ಬಳಸಲು ಬಿಡುವ ಸಿದ್ಧ ಲೈಸೆನ್ಸ್; ಐಜಿಒ ಎಂದರೆ ಅದರ ಅಂತರ್‌ಸರ್ಕಾರಿ ಸಂಸ್ಥೆಗಳ ಆವೃತ್ತಿ. ಬಿವೈ ಎಂದರೆ ಮೂಲದ ಹೆಸರು ಹೇಳಬೇಕು. ಎನ್‌ಸಿ ಇದ್ದರೆ ವ್ಯಾಪಾರಕ್ಕೆ ಆಗದು. ಆಸ್ಪತ್ರೆಯ ಪ್ಯಾಕೇಜ್ ದರ ಅಚ್ಚಾದ ಕರಪತ್ರ ವ್ಯಾಪಾರವೇ ಎಂದು ಎಣಿಸಿಕೊಳ್ಳುವುದು ಕ್ಷೇಮ. ಎಸ್‌ಎ ಇದ್ದರೆ ನಿಮ್ಮ ಅನುವಾದವನ್ನೂ ಅದೇ ಷರತ್ತಿನಲ್ಲಿ ಬೇರೆಯವರಿಗೆ ಬಿಟ್ಟುಕೊಡಬೇಕು. ವಿಶ್ವ ಬ್ಯಾಂಕಿನ ಹಲವು ವರದಿಗಳಲ್ಲಿ ಬಿವೈ ಮಾತ್ರ ಇರುವುದರಿಂದ ಅಲ್ಲಿ ವ್ಯಾಪಾರಕ್ಕೂ ಅಡ್ಡಿಯಿಲ್ಲ. ಪ್ರತಿ ಪಿಡಿಎಫ್‌ನಲ್ಲೂ ಬೇರೆಯಾಗಿಯೇ ನೋಡಿಕೊಳ್ಳಿ.

ಕನ್ನಡಕ್ಕೆ ಅನುವಾದಿಸಿದಾಗ ಒಂದು ಹೇಳಿಕೆ ಕಡ್ಡಾಯ. ಹೀಗೆ ಬರೆಯಬಹುದು: "ಈ ಅನುವಾದವನ್ನು ವಿಶ್ವ ಆರೋಗ್ಯ ಸಂಸ್ಥೆ ಮಾಡಿಲ್ಲ. ಇದರ ವಿಷಯಕ್ಕಾಗಲಿ ನಿಖರತೆಗಾಗಲಿ ಸಂಸ್ಥೆ ಹೊಣೆಯಲ್ಲ. ಮೂಲ ಇಂಗ್ಲಿಷ್ ಆವೃತ್ತಿಯೇ ಅಧಿಕೃತ." ಕೆಳಗೆ ಮೂಲದ ಶೀರ್ಷಿಕೆ, ವರ್ಷ, ಲೈಸೆನ್ಸ್. ಒಳಗಿನ ಫೋಟೊ, ಕೋಷ್ಟಕಗಳಲ್ಲಿ ಕೆಲವು ಬೇರೆಯವರದಾಗಿರುತ್ತವೆ. ಅದಕ್ಕೆ ಅವರನ್ನೇ ಕೇಳಬೇಕು. ಮತ್ತೆ ಆ ಎರಡನೆಯ ಪುಟದಲ್ಲೇ ಇದೆ, ಲೋಗೋ ಬಳಕೆಗೆ ಅನುಮತಿ ಇಲ್ಲ ಎಂಬ ಸಾಲು. ಪಠ್ಯ ಧಾರಾಳವಾಗಿ ಕೊಟ್ಟವರೇ ಲಾಂಛನ ಬೇಡ ಎಂದು ಅಲ್ಲೇ ಬರೆದಿದ್ದಾರೆ. ಸ್ಕ್ರೀನ್‌ಶಾಟಿನಲ್ಲಿ ಲೋಗೋ ಬಂದಿದ್ದರೆ ಕತ್ತರಿಸಿ. ಅವರ ಪೋಸ್ಟರಿನ ಪಕ್ಕ ನಿಮ್ಮ ಸಂಘದ ಲೋಗೋ ಜೋಡಿಸಿದರೆ ಇಬ್ಬರೂ ಸೇರಿ ಮಾಡಿದ್ದು ಎಂದಾಗುತ್ತದೆ, ಅದು ಬೇಡ.

ಈಗಾಗಲೇ ಪ್ರಿಂಟ್ ಆಗಿದ್ದರೆ ಗಾಬರಿ ಬೇಡ. ವೆಬ್‌ಸೈಟ್, ಫೇಸ್‌ಬುಕ್ ಪುಟ, ವಾಟ್ಸ್ಆ್ಯಪ್ ಕ್ಯಾಟಲಾಗ್ ಅಂದೇ ಸರಿಮಾಡಿ. ಉಳಿದ ಡಬ್ಬಗಳ ಮೇಲೆ ಲಾಂಛನ ಮುಚ್ಚುವಷ್ಟು ದೊಡ್ಡ ಸ್ಟಿಕ್ಕರ್ ಅಂಟಿಸಿ. ಮಾರ್ಕರಿನಿಂದ ಗೀಚಿದರೆ ಕೆಳಗಿನದು ಕಾಣುತ್ತದೆ. ಡಿಟಿಪಿಯವರ ಕಂಪ್ಯೂಟರಿನಲ್ಲಿರುವ ಹಳೇ ಫೈಲ್ ತೆಗೆಸಿ, ಇಲ್ಲದಿದ್ದರೆ ಮುಂದಿನ ಆರ್ಡರಿಗೆ ಅದೇ ಪ್ರಿಂಟ್ ಆಗಿ ಬರುತ್ತದೆ. ಸಂಸ್ಥೆಯಿಂದ ಪತ್ರವೋ ಇಮೇಲೋ ಬಂದಿದ್ದರೆ ವಾದಕ್ಕೆ ಇಳಿಯದೆ, ಏನು ತೆಗೆದಿರಿ, ಯಾವ ದಿನ ತೆಗೆದಿರಿ ಎಂದು ಫೋಟೊ ಸಮೇತ ಉತ್ತರ ಬರೆಯಿರಿ. ಪ್ರತಿಯೊಂದನ್ನು ಫೈಲಿನಲ್ಲಿ ಇಟ್ಟುಕೊಳ್ಳಿ.